ವ್ಯಾನಿನ ಬೆನ್ನಿಗೆ ನಾಲ್ಕು ಕಿವಿ

ಗಂಗಾವತಿಯ ಅಕ್ಕಿ ಗಿರಣಿಗಳ ಅಂಗಳದಲ್ಲಿ ಭತ್ತದ ಲಾರಿಯು ಹಿಂದು ಹಿಂದಕ್ಕೆ ಸರಿಯುವುದನ್ನು ಒಮ್ಮೆಯಾದರೂ ನಿಂತು ನೋಡದವರು ನಮ್ಮ ಕಡೆ ವಿರಳ. ಚಕ್ರ ಹಿಡಿದು ಕುಳಿತವನು ಚಾಲಕನೇ. ಆದರೆ ಆ ಹೊತ್ತಿನಲ್ಲಿ ಲಾರಿಯನ್ನು ನಡೆಸುವವನು ಅವನಲ್ಲ, ಹಿಂದೆ ನಿಂತಿರುವ ಕ್ಲೀನರ್ ಹುಡುಗ. “ಬರ್ಲಿ... ಬರ್ಲಿ... ಒಂಚೂರು ಎಡಕ್ಕ... ಬರ್ಲಿ...” ಎಂದು ಅವನು ರಾಗವಾಗಿ ಕೂಗುತ್ತಾನೆ, ಗೋಡೆ ಸಮೀಪಿಸಿದೊಡನೆ ರಾಗವು ಚುರುಕಾಗುತ್ತದೆ, ಇನ್ನು ಸಾಕೆಂದಾಗ ಲಾರಿಯ ಮೈಮೇಲೆ ಅಂಗೈಯಿಂದ ಪಟಪಟನೆ ಎರಡು ಏಟು ಬೀಳುತ್ತವೆ. ಲಾರಿ ನಿಲ್ಲುತ್ತದೆ. ಗೋಡೆಗೂ ಲಾರಿಗೂ ನಡುವೆ ಒಂದು ಗೇಣು ಉಳಿದಿರುತ್ತದೆ.

ಕುಟುಂಬದ ವಾಹನಕ್ಕೆ ಇಂಥ ಕ್ಲೀನರ್ ಇಲ್ಲ. ಯಜಮಾನನೇ ಚಾಲಕ. ಹಿಂದೆ ನೋಡಿ ಹೇಳಲು ಮನೆಯಾಕೆ ಇಳಿಯಬೇಕು, ಇಲ್ಲವೇ ಹಿರಿಯ ಮಗ ಇಳಿಯಬೇಕು. ಮೇ ತಿಂಗಳ ಬಿಸಿಲಿನಲ್ಲಿ ಕುಷ್ಟಗಿಯ ಹೆದ್ದಾರಿಯ ಬದಿಯಲ್ಲಿ ಇಳಿಯಲು ಯಾರಿಗೆ ತಾನೆ ಮನಸ್ಸು ಬಂದೀತು? ಇಳಿದವರಾದರೂ ಕ್ಲೀನರ್ ಹುಡುಗನ ಹಾಗೆ ಸರಿಯಾದ ಜಾಗದಲ್ಲಿ ನಿಲ್ಲುವರೆಂಬ ಭರವಸೆಯಿಲ್ಲ; ಎಷ್ಟೋ ವೇಳೆ ಚಾಲಕನ ಕನ್ನಡಿಗೆ ಕಾಣದ ಎಡೆಯಲ್ಲೇ ನಿಂತು ಕೈಬೀಸುತ್ತಿರುತ್ತಾರೆ. ಈ ಕೊರತೆಯನ್ನು ತುಂಬಲು ಬಂದಿರುವ ಪುಟ್ಟ ಉಪಕರಣವೊಂದರ ವಿಚಾರವಾಗಿ ಇಲ್ಲಿ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ಪೇಟೆಯಲ್ಲಿ ಅದನ್ನು ಪಾರ್ಕಿಂಗ್ ಸೆನ್ಸರ್ ಎನ್ನುತ್ತಾರೆ. ಚಲನಚಿತ್ರಕ್ಕೆ ಕತ್ತರಿ ಹಾಕುವ ಸೆನ್ಸಾರಿಗೂ ಇದಕ್ಕೂ ಸಂಬಂಧವಿಲ್ಲ. ‘ಸಂವೇದಕ’ ಎಂಬ ಸೊಗಸಾದ ಪದವು ನಮ್ಮ ವಿಜ್ಞಾನ ಗ್ರಂಥಗಳಲ್ಲಿದೆ. ಗ್ಯಾರೇಜಿನಲ್ಲಿ ಆ ಪದವನ್ನು ಆಡಿದರೆ ಮೇಸ್ತ್ರಿಯು ಸ್ಪ್ಯಾನರನ್ನು ಕೆಳಗಿಟ್ಟು ನಮ್ಮ ಮುಖವನ್ನೇ ನೋಡುತ್ತಾನೆ. ಆದುದರಿಂದ ನಾನೂ ಸೆನ್ಸರ್ ಎಂದೇ ಬರೆಯುತ್ತೇನೆ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದುದು ನಮ್ಮ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರಿಂದ. ಅವರು ಹಳೆಯ ಟ್ರಾವೆಲರ್ ವ್ಯಾನೊಂದನ್ನು ಕೊಂಡು, ಸಾರಿಗೆ ಕಚೇರಿಯ ಅನುಮತಿ ಪಡೆದು, ಅದನ್ನು ಕ್ಯಾಂಪರ್ ವ್ಯಾನಾಗಿ ಮಾರ್ಪಡಿಸಿಕೊಂಡಿದ್ದಾರೆ. ಕ್ಯಾಂಪರ್ ವ್ಯಾನೆಂದರೆ ಚಕ್ರದ ಮೇಲಿನ ಮನೆಯೆಂದೇ ತಿಳಿಯಿರಿ: ಎರಡು ಮಲಗುವ ಹಲಗೆ, ಗ್ಯಾಸಿನ ಒಲೆ, ನೂರು ಲೀಟರಿನ ನೀರಿನ ತೊಟ್ಟಿ, ಪಾತ್ರೆಯ ಕಪಾಟು. ನಮ್ಮ ಜಿಲ್ಲೆಗೆ ಅದು ಒಪ್ಪುವ ವಾಹನವೂ ಹೌದು. ಕ್ರಿ.ಶ. ೧೧೧೨ರ ಇಟಗಿಯ ಮಹಾದೇವ ದೇವಾಲಯ, ಕುಕನೂರಿನ ನವಲಿಂಗ ಗುಡಿಗಳು, ಕನಕಗಿರಿ, ಆನೆಗೊಂದಿ, ಕೊಪ್ಪಳದ ಗವಿಮಠದ ಅಶೋಕ ಶಾಸನ—ಇವೆಲ್ಲ ಒಂದು ದಿನದ ಹಾದಿಯೊಳಗೇ ಇವೆ. ಆದರೆ ಮಕ್ಕಳು ಮುದುಕರನ್ನು ಕಟ್ಟಿಕೊಂಡು ಹೋದವರಿಗೆ ಎಲ್ಲ ಕಡೆಯೂ ತಂಗಲು ಅನುಕೂಲವಿಲ್ಲ. ಮರದ ನೆರಳು ಕಂಡಲ್ಲಿ ವ್ಯಾನು ನಿಲ್ಲಿಸಿ ಅನ್ನಕ್ಕೆ ನೀರಿಡಬಹುದಾದರೆ ಅದಕ್ಕಿಂತ ಸುಖವೇನು?

ಆದರೆ ವಾಹನವನ್ನು ಮನೆ ಮಾಡಿದಾಗ ಮನೆಗೆ ಹಿಂಬಾಗಿಲ ಕಿಟಕಿ ಇಲ್ಲದಂತಾಯಿತು. ಪಾತ್ರೆಯ ಕಪಾಟು ಹಿಂದಿನ ಗಾಜನ್ನು ಪೂರ್ತಿ ಮುಚ್ಚಿಬಿಟ್ಟಿತು. ಒಳಗಿನ ಕನ್ನಡಿಯಲ್ಲಿ ಈಗ ಕಾಣುವುದು ಚಹದ ಡಬ್ಬಿ. ಬದಿಯ ಎರಡು ಕನ್ನಡಿಗಳು ಎರಡು ಪಕ್ಕಗಳನ್ನು ತೋರಿಸುತ್ತವೆ. ನೇರ ಬೆನ್ನ ಹಿಂದಿನ ನಾಲ್ಕಾರು ಹೆಜ್ಜೆ ನೆಲವು ಅವಕ್ಕೂ ಕಾಣದು. ಆ ಅಧ್ಯಾಪಕರಿಗೆ ನಾಲ್ಕು ವರ್ಷದ ಮಗನಿದ್ದಾನೆ. ಹುಡುಗನ ಎತ್ತರವು ಬಂಪರಿಗಿಂತ ಒಂದು ಗೇಣು ಹೆಚ್ಚು. ಚೆಂಡು ಉರುಳಿ ಹೋಗುವುದು ಯಾವಾಗಲೂ ಆ ಕಾಣದ ನೆಲಕ್ಕೇ ಎಂಬುದನ್ನು ತಾಯಂದಿರಿಗೆ ಹೇಳಿಕೊಡಬೇಕಾಗಿಲ್ಲ. ಸೆನ್ಸರ್ ಹಾಕಿಸಲೇಬೇಕೆಂದು ಹಟ ಹಿಡಿದವರೂ ಆ ಮನೆಯ ತಾಯಿಯೇ.

ಸೆನ್ಸರಿನ ಕೆಲಸವು ಕಣ್ಣಿನದಲ್ಲ, ಕಿವಿಯದು. ಹಳೆಯ ಗುಡಿಗಳ ಕತ್ತಲೆಯಲ್ಲಿ ತೂಗುಬಿದ್ದಿರುವ ಸಣ್ಣ ಬಾವಲಿಗಳು ಕಂಬಕ್ಕೆ ತಾಗದೆ ಹಾರುವುದು ಹೇಗೆಂದು ೧೭೯೦ರ ದಶಕದಲ್ಲಿಯೇ ಇಟಲಿಯ ಸ್ಪಲಾಂಜಾನಿ ಎಂಬ ಪಾದ್ರಿಯು ತಲೆ ಕೆಡಿಸಿಕೊಂಡಿದ್ದನು. ಕಣ್ಣು ಕಿತ್ತ ಬಾವಲಿಯೂ ಸರಾಗವಾಗಿ ಹಾರಿತು. ಕಿವಿ ಮುಚ್ಚಿದ ಬಾವಲಿ ಮಾತ್ರ ಗೋಡೆಗೆ ಡಿಕ್ಕಿ ಹೊಡೆಯಿತು. ಕಾರಣ ತಿಳಿಯಲು ಮತ್ತೆ ನೂರ ನಲವತ್ತು ವರ್ಷಗಳೇ ಬೇಕಾದುವು. ೧೯೩೮ರಲ್ಲಿ ಹಾರ್ವರ್ಡಿನ ವಿದ್ಯಾರ್ಥಿ ಡೊನಾಲ್ಡ್ ಗ್ರಿಫಿನ್ ಎಂಬಾತನು, ಪಿಯರ್ಸ್ ಎಂಬ ಭೌತಶಾಸ್ತ್ರಜ್ಞನ ಉಪಕರಣದ ಮುಂದೆ ಬಾವಲಿಗಳನ್ನು ಹಿಡಿದಾಗ, ಮೌನಿಗಳೆಂದು ತಿಳಿದಿದ್ದ ಆ ಜೀವಿಗಳು ಮನುಷ್ಯನ ಕಿವಿಗೆ ನಿಲುಕದ ಸ್ವರದಲ್ಲಿ ಚೀರುತ್ತಿರುವುದು ಬಯಲಾಯಿತು. ಕೂಗು ಹೋಗಿ ತಾಗಿ ಮರಳಿ ಬರುವ ಹೊತ್ತಿನಿಂದ ಬಾವಲಿಯು ದೂರವನ್ನು ಅಳೆಯುತ್ತದೆ. (ಆಲದ ಮರಕ್ಕೆ ಜೋತುಬೀಳುವ ದೊಡ್ಡ ತೊಗಲುಬಾವಲಿಗೆ ಈ ವಿದ್ಯೆಯಿಲ್ಲ, ಅದು ನಮ್ಮ ಹಾಗೆ ಕಣ್ಣನ್ನೇ ನಂಬಿದ ಪ್ರಾಣಿ.)

ಸೆನ್ಸರಿನ ಒಳಗೆ ಬೆರಳಿನುಗುರಿನಷ್ಟು ಅಗಲದ ಪಿಂಗಾಣಿ ಬಿಲ್ಲೆಯೊಂದಿದೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂದು ೧೮೮೦ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡುಹಿಡಿದರು; ವಿದ್ಯುತ್ತು ಕೊಟ್ಟರೆ ಅವೇ ಹರಳುಗಳು ನಡುಗುವುದೂ ನಿಜವೆಂದು ಬಳಿಕ ತಿಳಿಯಿತು. ಈ ಬಿಲ್ಲೆಯು ಕ್ಷಣಕ್ಕೆ ನಲವತ್ತು ಸಾವಿರ ಸಲ, ಇಲ್ಲವೆ ಇನ್ನೂ ತುಸು ಹೆಚ್ಚಾಗಿ, ನಡುಗಿ ಒಂದು ಕೂಗು ಹಾಕುತ್ತದೆ. ನಮ್ಮ ಕಿವಿಯ ಮಿತಿ ಇಪ್ಪತ್ತು ಸಾವಿರ. ಕೂಗಿದ ಬಿಲ್ಲೆಯೇ ಮರುಕ್ಷಣ ಕಿವಿಯಾಗಿ ಮಾರ್ದನಿಗೆ ಕಾಯುತ್ತದೆ. ಒಂದು ಮೀಟರು ದೂರದ ಗೋಡೆಯಿಂದ ಮಾರ್ದನಿ ಮರಳಲು ಬೇಕಾದ ಕಾಲವು ಕ್ಷಣದ ಸಾವಿರದ ಆರು ಭಾಗ ಮಾತ್ರ. ಅದನ್ನು ಪೆಟ್ಟಿಗೆಯು ಲೆಕ್ಕ ಹಾಕಿ, ಚಾಲಕನ ಬಳಿಯಿರುವ ಗುನುಗುಯಂತ್ರಕ್ಕೆ ತಿಳಿಸುತ್ತದೆ. ದೂರವಿದ್ದರೆ ಬಿಡಿಬಿಡಿಯಾದ ಬೀಪು, ಸಮೀಪಿಸಿದರೆ ಚುರುಕು, ಒಂದಡಿಯೊಳಗೆ ಬಂದರೆ ಎಡೆಬಿಡದ ಒಂದೇ ಸ್ವರ. ಕ್ಲೀನರ್ ಹುಡುಗನ ರಾಗವೇ ಅದು, ಪದಗಳಿಲ್ಲ ಅಷ್ಟೆ.

ವಾಹನ ಹಿಂದಕ್ಕೆ ಸರಿಯುವಾಗ ಸಿನಿಮಾ ಹಾಡು ಹೇಳುವ ಹಾರ್ನನ್ನು ಇದರೊಡನೆ ಬೆರಸಿಕೊಳ್ಳಬಾರದು. ಆ ಹಾರ್ನು ಹಿಂದಿರುವವರಿಗೆ ‘ಸರಿಯಿರಿ’ ಎನ್ನುತ್ತದೆ. ಸೆನ್ಸರ್ ಚಾಲಕನಿಗೆ ‘ನಿಲ್ಲಿ’ ಎನ್ನುತ್ತದೆ. ನಾಲ್ಕು ವರ್ಷದ ಹುಡುಗನು ಹಾಡು ಕೇಳಿ ಸರಿಯುವನೆಂದು ಯಾರೂ ಜಾಮೀನು ನಿಲ್ಲಲಾರರು.

ನಮ್ಮ ದೇಶದಲ್ಲಿ ೨೦೧೯ರ ಜುಲೈ ೧ರಿಂದ ತಯಾರಾಗುವ ಹೊಸ ಕಾರುಗಳಿಗೆ ಹಿಂಬದಿಯ ಎಚ್ಚರಿಕೆಯ ಸೆನ್ಸರುಗಳನ್ನು ಸರ್ಕಾರವು ಕಡ್ಡಾಯ ಮಾಡಿತು. ಆದರೆ ಆ ನಿಯಮವು ಚಾಲಕನನ್ನು ಬಿಟ್ಟು ಎಂಟಕ್ಕೆ ಮೀರದ ಆಸನಗಳ ಪ್ರಯಾಣಿಕ ವಾಹನಗಳಿಗೆ. ಅದಕ್ಕಿಂತ ಹಳೆಯವಕ್ಕೂ ಹೆಚ್ಚು ಆಸನದ ವ್ಯಾನುಗಳಿಗೂ ಅನ್ವಯಿಸಲಿಲ್ಲ. ಯಾವ ವಾಹನದ ಹಿಂಬದಿ ಹೆಚ್ಚು ಕುರುಡೋ ಅದರ ಒಡೆಯನೇ ಅಂಗಡಿಗೆ ಹೋಗಿ ಕೊಂಡು ಹಾಕಿಸಿಕೊಳ್ಳಬೇಕಾಯಿತು. ಕೊಳ್ಳುವುದೇನೂ ಕಷ್ಟವಲ್ಲ. ನಾಲ್ಕು ಸೆನ್ಸರು, ಒಂದು ಪೆಟ್ಟಿಗೆ, ತಂತಿ, ರಂಧ್ರ ಕೊರೆಯುವ ಗರಗಸದ ಬಳೆ—ಇಷ್ಟೂ ಒಂದು ಡಬ್ಬಿಯಲ್ಲಿ ದೊರೆಯುತ್ತವೆ. ಕಾರು ವ್ಯಾನುಗಳ ಬ್ಯಾಟರಿ ೧೨ ವೋಲ್ಟಿನದು, ದೊಡ್ಡ ಬಸ್ಸು ಲಾರಿಗಳದು ೨೪. ಇದನ್ನು ನೋಡಿ ಕೊಂಡರಾಯಿತು. ಕಷ್ಟವಿರುವುದು ಕೂರಿಸುವುದರಲ್ಲಿ.

ನಮ್ಮ ಅಧ್ಯಾಪಕರ ವ್ಯಾನಿಗೆ ಮೊದಲ ಸಲ ಸೆನ್ಸರ್ ಕೂರಿಸಿದುದು ಒಂದು ಕಾರಿನ ಅಲಂಕಾರದ ಅಂಗಡಿಯಲ್ಲಿ. ಕೆಲಸ ಒಂದು ಗಂಟೆಯಲ್ಲಿ ಮುಗಿಯಿತು. ಕಾರುಗಳಿಗೆ ಹಾಕಿ ರೂಢಿಯಿದ್ದ ಹುಡುಗರು ಬಂಪರಿನ ಕೆಳಭಾಗದಲ್ಲಿ, ನೆಲದಿಂದ ಒಂದೂಕಾಲು ಅಡಿಯ ಎತ್ತರಕ್ಕೆ, ನಾಲ್ಕು ತೂತು ಕೊರೆದು ಸಿಕ್ಕಿಸಿದರು. ಅಂಗಡಿಯ ಮುಂದೆ ಪರೀಕ್ಷಿಸಿದಾಗ ಎಲ್ಲವೂ ಚೆನ್ನಾಗಿಯೇ ಇತ್ತು. ಮರುವಾರ ಕನಕಗಿರಿಗೆ ಹೊರಟರು. ತೊಟ್ಟಿಯಲ್ಲಿ ನೂರು ಲೀಟರು ನೀರು, ಎಂದರೆ ನೂರು ಕಿಲೋಗ್ರಾಮು. ಅದರ ಮೇಲೆ ಹಾಸಿಗೆ, ಅಕ್ಕಿ, ಅಜ್ಜಿ. ವ್ಯಾನಿನ ಬೆನ್ನು ಕುಗ್ಗಿತು, ಮೂಗು ಮೇಲೆದ್ದಿತು, ಸೆನ್ಸರುಗಳ ದೃಷ್ಟಿ ನೆಲಕ್ಕೆ ಬಾಗಿತು. ಹಿಂದಕ್ಕೆ ಗೇರು ಹಾಕಿದಾಗಲೆಲ್ಲ ಖಾಲಿ ನೆಲದ ಮೇಲೆ ‘ಬೀಪ್ ಬೀಪ್’ ಎಂದು ಬೊಬ್ಬೆ. ಹಿಂಬಾಗಿಲಿಗೆ ಕಟ್ಟಿದ್ದ ಏಣಿಯ ಕಾಲೊಂದು ಕೆಳಗಿಳಿದಿದ್ದುದರಿಂದ ಒಂದು ಸೆನ್ಸರ್ ಅದನ್ನೂ ಕಂಡು ಕೂಗುತ್ತಿತ್ತು. ಮೂರನೆಯ ದಿನ ಅವರು ರೋಸಿ ಆ ಯಂತ್ರದ ತಂತಿಯನ್ನೇ ಕಿತ್ತಿಟ್ಟರು.

ತೋಳ ಬಂತೆಂದು ಕೂಗುವ ಹುಡುಗನ ಕಥೆಯನ್ನು ನಾವೆಲ್ಲರೂ ಓದಿದ್ದೇವೆ. ಸುಳ್ಳು ಕೂಗುವ ಸೆನ್ಸರು ಇಲ್ಲದ ಸೆನ್ಸರಿಗಿಂತ ಕೆಟ್ಟದ್ದೆಂಬುದು ನನ್ನ ಖಚಿತವಾದ ಅಭಿಪ್ರಾಯ. ಇಲ್ಲದಿದ್ದಾಗ ಚಾಲಕನು ಇಳಿದು ನೋಡುತ್ತಾನೆ. ಸುಳ್ಳನ್ನು ಕೇಳಿ ಕೇಳಿ ಬೇಸತ್ತವನು, ನಿಜವಾಗಿ ಮಗು ನಿಂತಿದ್ದಾಗಲೂ ‘ಇದರ ಹಣೆಬರಹವೇ ಇಷ್ಟು’ ಎಂದು ಕಾಲನ್ನು ಬ್ರೇಕಿನ ಮೇಲಿಡದೆ ಹೋಗಬಹುದು.

ಎರಡನೆಯ ಸಲ ಅದನ್ನು ಸರಿಪಡಿಸಿದವನು ಗಂಗಾವತಿಯ ಒಬ್ಬ ವಿದ್ಯುತ್ ಮೇಸ್ತ್ರಿ. ಗಿರಣಿಯ ಟ್ರ್ಯಾಕ್ಟರು ಲಾರಿಗಳ ತಂತಿ ಕಟ್ಟಿ ಪಳಗಿದ ಕೈ. ಅವನು ಮೊದಲು ಹೇಳಿದ ಮಾತು: “ನೀರು ತುಂಬಿಸ್ಕೊಂಡು ಬರ್ರಿ ಸರ್.” ತುಂಬಿದ ವ್ಯಾನನ್ನು ಸಮನೆಲದಲ್ಲಿ ನಿಲ್ಲಿಸಿ, ಅದರ ಬೆನ್ನು ಕುಗ್ಗಿದ ಮೇಲೆ ಅಳತೆ ಹಿಡಿದನು. ನೆಲದಿಂದ ಐವತ್ತರಿಂದ ಎಪ್ಪತ್ತು ಸೆಂಟಿಮೀಟರಿನೊಳಗೆ ಸೆನ್ಸರ್ ಇರಬೇಕು. ಅವನು ಅರವತ್ತನ್ನು ಆರಿಸಿ ಬಂಪರಿನ ಮೇಲಂಚಿಗೆ ಗುರುತು ಹಾಕಿದನು. ಹೊರಗಿನ ಎರಡು ಅಂಚಿನಿಂದ ಅರ್ಧ ಅಡಿ ಒಳಗೆ, ನಡುವಿನ ಎರಡು ಸಮದೂರದಲ್ಲಿ. ಗುರುತಿಗೆ ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ಬರೆದು, ಎರಡು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿದ ರೀತಿ, ಮದುವೆ ಮನೆಯಲ್ಲಿ ರಂಗೋಲಿಯ ಚುಕ್ಕಿಗಳನ್ನು ಪರೀಕ್ಷಿಸುವ ಹಿರಿಯ ಮುತ್ತೈದೆಯದು.

ಕೊರೆಯುವ ಮುನ್ನ ಬಂಪರಿನ ಹಿಂದೆ ಕೈಹಾಕಿ ತಡವಿದನು. ಸಾಮಾನ್ಯ ವಾಹನದಲ್ಲಿ ಅಲ್ಲಿರುವುದು ಕಬ್ಬಿಣದ ಪಟ್ಟಿ, ದೀಪದ ತಂತಿ. ಕ್ಯಾಂಪರ್ ವ್ಯಾನಿನಲ್ಲಾದರೋ ನೀರಿನ ಕೊಳವೆಯಿರಬಹುದು, ಎರಡನೆಯ ಬ್ಯಾಟರಿಯ ದಪ್ಪ ತಂತಿಯಿರಬಹುದು, ಒಲೆಯ ಗ್ಯಾಸಿನ ಕೊಳವೆಯೇ ಇರಬಹುದು. ಅಡುಗೆಯ ವ್ಯವಸ್ಥೆ ಯಾವ ಕಡೆ ಹಾದಿದೆಯೆಂಬುದನ್ನು ಒಡೆಯನೇ ನಿಂತು ತೋರಿಸದೆ ಯಾರಿಗೂ ಡ್ರಿಲ್ ಯಂತ್ರವನ್ನು ಕೊಡಬಾರದು. ಬಂಪರು ಲೋಹದ್ದಾದ್ದರಿಂದ ಪ್ರತಿ ಸೆನ್ಸರಿಗೂ ರಬ್ಬರಿನ ಉಂಗುರ ತೊಡಿಸಿದನು. ಇಲ್ಲವಾದರೆ ಬಿಲ್ಲೆಯ ನಡುಕವು ತಗಡಿಗೂ ಹಬ್ಬಿ ಬಂಪರೇ ಗುನುಗುತ್ತದೆ, ಸೆನ್ಸರ್ ತನ್ನ ದನಿಗೆ ತಾನೇ ಬೆಚ್ಚುತ್ತದೆ. ಕೊರೆದ ಅಂಚಿಗೆಲ್ಲ ತುಕ್ಕು ತಡೆಯುವ ಬಣ್ಣ ಬಳಿದನು. ಸೆನ್ಸರಿನ ಬೆನ್ನ ಮೇಲೆ ಬಾಣದ ಗುರುತೊಂದಿರುತ್ತದೆ, ಅದು ಮೇಲ್ಮುಖವಾಗಿರಬೇಕು. ಅಡ್ಡ ಮಲಗಿಸಿದರೆ ಅದರ ಧ್ವನಿಯು ಅಗಲಕ್ಕೆ ಹರಡುವ ಬದಲು ನೆಲಕ್ಕೂ ಆಕಾಶಕ್ಕೂ ಹರಡುತ್ತದೆ. ಮೊದಲ ಅಂಗಡಿಯವರು ನಾಲ್ಕರಲ್ಲಿ ಎರಡನ್ನು ಅಡ್ಡಲಾಗಿಯೇ ಕೂರಿಸಿದ್ದರು.

ತಂತಿಯ ವಿಚಾರವು ಸರಳ. ಹಿಂದಕ್ಕೆ ಗೇರು ಹಾಕಿದಾಗ ಹತ್ತುವ ಬಿಳಿಯ ದೀಪದಿಂದಲೇ ವಿದ್ಯುತ್ತನ್ನು ಪಡೆಯಬೇಕು. ಆಗ ಬೇಕಾದಾಗ ಎಚ್ಚರ, ಬೇಡವಾದಾಗ ನಿದ್ರೆ. ಸೈಲೆನ್ಸರಿನ ಬಿಸಿಗೆ ತಂತಿ ತಾಗದಂತೆ ಒಯ್ಯಬೇಕು. ಏಣಿಯನ್ನು ಅರ್ಧ ಅಡಿ ಮೇಲೆತ್ತಿ ಕಟ್ಟಿಸಿದನು. ಹಳೆಯ ತೂತುಗಳಿಗೆ ರಬ್ಬರಿನ ಬಿರಡೆ ಬಿದ್ದುವು. ಒಟ್ಟು ಅರ್ಧ ದಿನದ ಕೆಲಸ.

ನಾನು ಓದುಗರಿಗೆ ಮುಖ್ಯವಾಗಿ ಹೇಳಬೇಕಾದುದು ಇದರ ಮುಂದಿನ ಭಾಗ. ಭೌತಶಾಸ್ತ್ರಜ್ಞರ ಸ್ವಭಾವವೇ ಹಾಗೆ. ಮೇಸ್ತ್ರಿಯು ‘ಆಯ್ತು ಸರ್’ ಎಂದ ಮೇಲೂ ಅವರಿಗೆ ನಂಬಿಕೆಯಿಲ್ಲ. ಒಂದು ಭಾನುವಾರ ಬಯಲಿನಲ್ಲಿ ವ್ಯಾನನ್ನು ನಿಲ್ಲಿಸಿ, ಎಂಜಿನ್ ಆರಿಸಿ, ಕೈಬ್ರೇಕು ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟು, ಗೇರನ್ನು ಮಾತ್ರ ಹಿಂದಕ್ಕೆ ಹಾಕಿದರು. ನಾನು ಒಂದೊಂದು ವಸ್ತುವನ್ನು ಹಿಂದಿಟ್ಟು ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾ ಹೋದೆ. ಗೋಡೆಯಂಥ ರಟ್ಟಿನ ಪೆಟ್ಟಿಗೆಯನ್ನು ಐದಡಿಯಿಂದಲೇ ಗುರುತಿಸಿತು. ಪ್ಲಾಸ್ಟಿಕ್ ಕೊಡಕ್ಕೆ ತುಸು ಹತ್ತಿರ ಬರಬೇಕಾಯಿತು. ಬೇಲಿಯ ತಂತಿಗೆ ಏನೂ ಅನ್ನಲಿಲ್ಲ. ಬೆರಳು ಗಾತ್ರದ ಕಬ್ಬಿಣದ ಸಲಾಕೆಯು ಎರಡು ಸೆನ್ಸರುಗಳ ನಡುವೆ ನಿಂತಾಗ ಒಮ್ಮೆ ಕೂಗಿತು, ಒಮ್ಮೆ ಸುಮ್ಮನಿತ್ತು. ಮೊಣಕಾಲಿಗಿಂತ ತಗ್ಗಿನ ಗುಂಡುಕಲ್ಲು ದೂರದಲ್ಲಿದ್ದಾಗ ಸದ್ದು ಬಂದಿತು. ಹತ್ತಿರ ತಂದಂತೆ ಸದ್ದು ನಿಂತೇ ಹೋಯಿತು—ಕಲ್ಲು ಸೆನ್ಸರಿನ ದೃಷ್ಟಿಯ ಕೆಳಗೆ ನುಸುಳಿತ್ತು. ಆನೆಗೊಂದಿಯ ದಾರಿಗಳಲ್ಲಿ ಇಂಥ ಕಲ್ಲುಗಳಿಗೆ ಬರವೇ?

ಜೋಳದ ಮೇವಿನ ಸಿವುಡನ್ನಿಟ್ಟಾಗ ಅದರ ಕಿವಿ ಮತ್ತೂ ಮಂದವಾಯಿತು. ಮೇವು, ಹತ್ತಿ, ಹಾಸಿಗೆ, ಕಂಬಳಿ—ಮೆತ್ತಗಿನ ವಸ್ತುಗಳು ಧ್ವನಿಯನ್ನು ನುಂಗುತ್ತವೆ, ಮಾರ್ದನಿ ಕೊಡುವುದಿಲ್ಲ. ಯಲಬುರ್ಗಾ ಕುಷ್ಟಗಿಯ ಕಡೆ ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ಪೈರು ಹರಡಿ ಒಕ್ಕುವುದುಂಟು. ರಾಶಿಯ ಮಗ್ಗುಲಲ್ಲಿ ಕಂಬಳಿ ಹೊದ್ದು ಮಲಗಿದವನನ್ನು ಈ ಯಂತ್ರವು ಕೇಳಿಸಿಕೊಳ್ಳುವುದೆಂದು ನಾನು ನಂಬಲಾರೆ. ತಗ್ಗು, ಚರಂಡಿ, ಕಾಲುವೆಯ ಅಂಚುಗಳಂತೂ ಅದರ ಪಾಲಿಗೆ ಇಲ್ಲವೇ ಇಲ್ಲ; ಇಲ್ಲದ ನೆಲದಿಂದ ಮಾರ್ದನಿ ಬರುವುದೆಲ್ಲಿಂದ? ತುಂಗಭದ್ರೆಯ ಎಡದಂಡೆ ಕಾಲುವೆಯ ಏರಿಯ ಮೇಲೆ ವ್ಯಾನು ತಿರುಗಿಸುವವರು ಇದನ್ನು ನೆನಪಿಡಬೇಕು.

ಕೊನೆಗೆ ಹುಡುಗನನ್ನೇ ನಿಲ್ಲಿಸಿದೆವು. ನಿಂತಾಗ ಮೂರೂವರೆ ಅಡಿಯಿಂದ ಸದ್ದು ಬಂದಿತು, ತಾಯಿಗೆ ಸಮಾಧಾನವಾಯಿತು. ಚೆಂಡು ಹೆಕ್ಕುವವನ ಹಾಗೆ ಬಂಪರಿನ ಬುಡದಲ್ಲಿಯೇ ಕುಕ್ಕರಿಸಿ ಕುಳಿತಾಗ ಸದ್ದಿಲ್ಲ. ಆ ಮೌನದಲ್ಲಿ ನಾವು ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಹುಡುಗನಿಗೆ ಮಾತ್ರ ತಾನು ಯಂತ್ರವನ್ನು ಸೋಲಿಸಿದೆನೆಂಬ ಹಿಗ್ಗು. ಅಂದಿನಿಂದ ಆ ಮನೆಯಲ್ಲೊಂದು ಕಟ್ಟಳೆಯಾಗಿದೆ: ಹುಡುಗನು ಒಳಗೆ ಕುಳಿತು, ಅವನ ದನಿಯನ್ನು ಚಾಲಕನು ಕಿವಿಯಾರೆ ಕೇಳಿದ ಹೊರತು ಹಿಂದಿನ ಗೇರು ಬೀಳುವಂತಿಲ್ಲ.

ವೇಗದ ಲೆಕ್ಕವನ್ನೂ ಅವರೇ ಹೇಳಿದರು. ಗಂಟೆಗೆ ಐದು ಕಿಲೋಮೀಟರೆಂದರೆ ನಡಿಗೆಯ ವೇಗ. ಆ ವೇಗದಲ್ಲಿ ವ್ಯಾನು ಒಂದು ಸೆಕೆಂಡಿಗೆ ಹತ್ತಿರ ಹತ್ತಿರ ಒಂದೂವರೆ ಮೀಟರು ಹಿಂದೆ ಸರಿಯುತ್ತದೆ. ಸೆನ್ಸರಿನ ಶ್ರವಣವೂ ಸುಮಾರಾಗಿ ಅಷ್ಟೇ ದೂರದ್ದು. ಎಂದರೆ ಅದು ನಮಗೆ ದಾನ ಮಾಡುವುದು ಒಂದೇ ಒಂದು ಸೆಕೆಂಡು. ಅದರ ಬಹುಪಾಲು, ಸದ್ದು ಕೇಳಿ ಕಾಲು ಬ್ರೇಕಿಗೆ ಹೋಗುವುದರೊಳಗೇ ಕಳೆದಿರುತ್ತದೆ. ಆಮೆಯ ನಡಿಗೆಯಲ್ಲಿ ಹಿಂದೆ ಬರುವವನಿಗೆ ಮಾತ್ರ ಈ ಯಂತ್ರವು ಉಪಕಾರಿ. ಹುಲಿಗಿಯಲ್ಲಿ ಹುಣ್ಣಿಮೆಯ ದಿನ, ಗವಿಸಿದ್ಧೇಶ್ವರನ ಜಾತ್ರೆಯಲ್ಲಿ ಕೊಪ್ಪಳದ ಬೀದಿಗಳಲ್ಲಿ, ಸೆನ್ಸರ್ ಬಾಯಿ ಮುಚ್ಚುವುದೇ ಇಲ್ಲ. ಸುತ್ತಲೂ ಜನವೇ ಜನ. ಅಲ್ಲಿ ಒಬ್ಬರು ಇಳಿದು ಹಿಂದೆ ನಿಲ್ಲಲೇಬೇಕು, ಬಿಸಿಲಿದ್ದರೂ ಸರಿ.

ಕ್ಯಾಮರಾ ಹಾಕಿಸಬಾರದೇ ಎಂದು ಕೆಲವರು ಕೇಳಿಯಾರು. ಹಾಕಿಸಬಹುದು, ಕುಕ್ಕರಿಸಿದ ಮಗುವನ್ನು ಅದು ತೋರಿಸಬಲ್ಲುದು, ಸೆನ್ಸರ್ ತೋರಿಸಲಾರದು. ಆದರೆ ಎರೆಮಣ್ಣಿನ ಧೂಳು ಅದರ ಗಾಜಿನ ಮೇಲೆ ಕುಳಿತರೆ ಮಬ್ಬುಚಿತ್ರವೇ ಗತಿ, ಮತ್ತು ಚಾಲಕನು ಪರದೆಯತ್ತ ನೋಡದಿದ್ದರೆ ಅದು ಕೂಗಿ ಕರೆಯುವುದಿಲ್ಲ. ಎರಡೂ ಇದ್ದರೆ ಉತ್ತಮ.

ಬೇಸಿಗೆಯ ಬಿಸಿಲಿನಿಂದ ಅಳತೆ ಕೆಡುವುದೇ ಎಂಬುದು ನನ್ನ ಸಂಶಯವಾಗಿತ್ತು. ಬಿಸಿಗಾಳಿಯಲ್ಲಿ ಧ್ವನಿಯು ಬೇಗ ಓಡುತ್ತದೆ. ನಲವತ್ತು ಡಿಗ್ರಿಯಲ್ಲಿ ಸೆಕೆಂಡಿಗೆ ೩೫೫ ಮೀಟರು, ಇಪ್ಪತ್ತರಲ್ಲಿ ೩೪೩. ಒಂದು ಮೀಟರಿಗೆ ಮೂರು ನಾಲ್ಕು ಸೆಂಟಿಮೀಟರಿನ ವ್ಯತ್ಯಾಸ, ಚಿಂತಿಸತಕ್ಕದ್ದಲ್ಲ. ಚಿಂತಿಸಬೇಕಾದುದು ಕೆಸರಿನದು. ಮಳೆಗಾಲದಲ್ಲಿ ಎರೆ ಹೊಲದ ದಾರಿಯಲ್ಲಿ ಒಮ್ಮೆ ಹೋಗಿಬಂದರೆ ನಾಲ್ಕು ಕಿವಿಗಳಿಗೂ ಮಣ್ಣು ಮೆತ್ತಿರುತ್ತದೆ. ಮಣ್ಣು ಮೆತ್ತಿದ ಸೆನ್ಸರ್ ಕೆಲವೊಮ್ಮೆ ಸುಮ್ಮನೆ ಕೂಗುತ್ತದೆ, ಕೆಲವೊಮ್ಮೆ ಸುಮ್ಮನೆ ಇರುತ್ತದೆ. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಬೇಕು. ಮೊನಚಾದುದರಿಂದ ಕೆರೆಯಬಾರದು, ಬಿರುಸಿನ ನೀರಿನ ಕೊಳವೆಯನ್ನು ಬಹಳ ಹತ್ತಿರ ಹಿಡಿಯಬಾರದು.

ಒರೆಸಿದ ಮೇಲೆ ನಾಲ್ಕೂ ಬದುಕಿವೆಯೇ ಎಂದು ನೋಡುವ ಉಪಾಯವನ್ನು ಗಂಗಾವತಿಯ ಆ ಮೇಸ್ತ್ರಿಯೇ ಹೇಳಿಕೊಟ್ಟನು. ಎಂಜಿನ್ ಆರಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಕೀಲಿ ತಿರುಗಿಸಿ ಗೇರನ್ನು ಹಿಂದಕ್ಕೆ ಹಾಕಿಡಬೇಕು. ಹಿಂದೆ ಹೋಗಿ ಒಂದೊಂದು ಸೆನ್ಸರಿನ ಮೇಲೂ ಬೆರಳ ತುದಿಯನ್ನಿಡಬೇಕು. ಕೂಗು ನಮ್ಮ ಕಿವಿಗೆ ಕೇಳದಿದ್ದರೂ, ಅದು ಶುರುವಾಗುವ ಹೊಡೆತವು ಬೆರಳಿಗೆ ‘ಟಿಕ್, ಟಿಕ್’ ಎಂದು ತಾಗುತ್ತದೆ, ಕೈಗಡಿಯಾರದ ಹಾಗೆ. ನಾಲ್ಕರಲ್ಲಿ ಯಾವುದು ಟಿಕ್ ಎನ್ನುವುದಿಲ್ಲವೋ ಅದನ್ನು ಬದಲಿಸಬೇಕು. ನಮ್ಮ ಅಧ್ಯಾಪಕರ ವ್ಯಾನಿನಲ್ಲಿ ಈ ಪರೀಕ್ಷೆಯನ್ನು ಪ್ರತಿ ಪಯಣದ ಮುನ್ನ ಮಾಡುವವನು ಆ ಹುಡುಗನೇ. ತಂದೆಯ ಕೈ ಹಿಡಿದುಕೊಂಡು, ಎಡದಿಂದ ಬಲಕ್ಕೆ, ನಾಲ್ಕನ್ನೂ ಗಟ್ಟಿಯಾಗಿ ಎಣಿಸುತ್ತಾನೆ.